ಮೇಸ್ತ್ರಿಯ ಬೆನ್ನಿಗೆ ಕ್ಯೂರಿಂಗ್

ತಪ್ಪು ಶುರುವಾದದ್ದು ಡಾಕ್ಟರರ ಬಾಯಿಂದ. ಮೇಸ್ತ್ರಿಯನ್ನು ದೂರುವುದಕ್ಕೆ ಮುಂಚೆ ಇಷ್ಟನ್ನು ಹೇಳಿಬಿಡಬೇಕು.

ಆಪರೇಷನ್ನಿಗೆ ಎರಡು ತಿಂಗಳು ಮುಂಚೆ ಡಾಕ್ಟರು ಬೆಳಕಿನ ಪೆಟ್ಟಿಗೆಗೆ ಬೆನ್ನಿನ ಎಕ್ಸ್‌ರೇ ಚಿತ್ರ ಸಿಕ್ಕಿಸಿ, ಗಂಡ ಹೆಂಡತಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ವಿವರಿಸಿದರು. ಸೊಂಟದ ಹತ್ತಿರ ಬೆನ್ನೆಲುಬಿನ ಒಂದು ಮಣಿ ಅದರ ಕೆಳಗಿನ ಮಣಿಯ ಮೇಲಿಂದ ಮುಂದಕ್ಕೆ ಜಾರಿದೆ. ಎಡಗಾಲಿಗೆ ಹೋಗುವ ನರ ಆ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿದೆ. ಕಾಲು ಜೋಮು ಹಿಡಿಯುವುದು, ಸ್ವಲ್ಪ ನಡೆದರೆ ಕೂರಬೇಕು ಅನ್ನಿಸುವುದು, ಮೆಟ್ಟಿಲು ಹತ್ತುವಾಗ ಪಾದ ತಗಲುವುದು ಎಲ್ಲಕ್ಕೂ ಅದೇ ಕಾರಣ. ಮಾತ್ರೆ, ವ್ಯಾಯಾಮ, ಸೊಂಟಕ್ಕೆ ಇಂಜೆಕ್ಷನ್ನು ಎಲ್ಲ ನೋಡಿ ಆಗಿದೆ. ಇನ್ನು ನರಕ್ಕೆ ಜಾಗ ಬಿಡಿಸಿ, ಎರಡು ಮಣಿಗಳನ್ನೂ ಒಂದು ಮಾಡುವುದೇ ದಾರಿ.

"ಒಂದು ಮಾಡೋದು ಅಂದ್ರೆ?" ಎಂದು ಮೇಸ್ತ್ರಿ ಕೇಳಿದ.

ಡಾಕ್ಟರು ಕೇಸ್ ಪೇಪರಿನ ಮೇಲೆ ಕಣ್ಣಾಡಿಸಿದರು. ಉದ್ಯೋಗ: ಕಟ್ಟಡ ಕೆಲಸ, ಮೇಸ್ತ್ರಿ. ಅವರಿಗೆ ಖುಷಿಯಾಯಿತು.

"ನಿಮಗೆ ಹೇಳೋದು ಸುಲಭ ಬಿಡಿ. ನಾವು ಹಾಕೋ ಸ್ಕ್ರೂ, ರಾಡು ಎಲ್ಲ ಸೆಂಟ್ರಿಂಗ್ ಇದ್ದ ಹಾಗೆ. ಮಧ್ಯೆ ತುಂಬೋ ಮೂಳೆ ಚೂರು ಕಾಂಕ್ರೀಟು. ಕಾಂಕ್ರೀಟು ಗಟ್ಟಿಯಾಗೋವರೆಗೂ ಸೆಂಟ್ರಿಂಗ್ ಹಿಡ್ಕೊಂಡಿರುತ್ತೆ. ಅಷ್ಟೇ."

ಮೇಸ್ತ್ರಿಯ ಮುಖ ಅರಳಿತು. ಎಷ್ಟೋ ತಿಂಗಳಿಂದ ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದವನಿಗೆ ಮೊದಲ ಸಲ ಯಾರೋ ತನ್ನ ಭಾಷೆಯಲ್ಲಿ ಮಾತಾಡಿದ್ದರು. ಡಾಕ್ಟರು ಆಮೇಲೆ ಹೇಳಿದ್ದು ಅವನ ಕಿವಿಗೆ ಬಿತ್ತೋ ಇಲ್ಲವೋ ಹೇಳಲಾಗದು. ಅವನ ಹೆಂಡತಿಗೆ ಮಾತ್ರ ಅಕ್ಷರ ಅಕ್ಷರವೂ ಕೇಳಿಸಿತು. ಸಿಗರೇಟು ಬಿಡದಿದ್ದರೆ ಮೂಳೆ ಕೂಡುವುದು ಅನುಮಾನ, ಹಾಗಾಗಿ ಬಿಟ್ಟಮೇಲೆಯೇ ಆಪರೇಷನ್. ಮೂಳೆ ಕೂಡುವುದಕ್ಕೆ ತಿಂಗಳುಗಳು ಬೇಕು. ಕೂಡದೆ ಹೋದರೆ ಮತ್ತೆ ಅದೇ ಜಾಗವನ್ನು ತೆರೆಯಬೇಕಾಗಬಹುದು, ಎರಡನೆಯ ಸಲ ಕೆಲಸ ಕಷ್ಟ, ಫಲ ಕಡಿಮೆ.

ಎರಡನೆಯ ಸಲ ಎಂಬ ಮಾತು ಆಕೆಯ ಎದೆಯಲ್ಲಿ ಕೂತುಬಿಟ್ಟಿತು. ಅಲ್ಲಿಂದಾಚೆಗೆ ಆಕೆ ಮಾಡಿದ್ದೆಲ್ಲ, ಬೈದಿದ್ದೆಲ್ಲ ಆ ಎರಡನೆಯ ಸಲ ಬಾರದಿರಲಿ ಎಂದೇ.

ಆಕೆಯನ್ನು ಎಲ್ಲರೂ ಅತ್ತಿಗೆ ಎನ್ನುತ್ತಾರೆ. ನಿಜವಾಗಿ ಅತ್ತಿಗೆ ಆಗಬೇಕಾದದ್ದು ಒಬ್ಬನಿಗೆ ಮಾತ್ರ, ಮೇಸ್ತ್ರಿಯ ತಮ್ಮನಿಗೆ. ಅವನು ಅಣ್ಣನ ಕೈಕೆಳಗೆ ಸೆಂಟ್ರಿಂಗ್ ಕಟ್ಟುವವನು, ಅಂದರೆ ತಾರಸಿಯ ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಹೊರುವ ಹಲಗೆ, ಕಂಬಗಳನ್ನು ನಿಲ್ಲಿಸಿ, ಆಮೇಲೆ ಬಿಚ್ಚುವವನು. ಅವನ ಬಾಯಲ್ಲಿ ಕೇಳಿ ಕೇಳಿ ಕೆಲಸದವರಿಗೆಲ್ಲ ಆಕೆ ಅತ್ತಿಗೆಯಾದಳು. ಆಕೆಯ ನೌಕರಿ ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ. ಕಿವಿಗೆ ಫೋನು ಸಿಕ್ಕಿಸಿಕೊಂಡು ದಿನವಿಡೀ ಊರಿನವರಿಂದ ಬೈಸಿಕೊಳ್ಳುವ ಕೆಲಸ. ನಲ್ಲಿಯಲ್ಲಿ ನೀರಿಲ್ಲ, ನೀರಿನಲ್ಲಿ ಮಣ್ಣು, ಪೈಪು ಒಡೆದು ಬೀದಿಯೆಲ್ಲ ಕೆರೆ. ಅಲ್ಲಿ ಆಕೆ ತಾಳ್ಮೆಗೆ ಹೆಸರಾದವಳು. ಮನೆಯಲ್ಲಿ ಆ ಹೆಸರು ಉಳಿಯಲಿಲ್ಲ.

ಮೇಸ್ತ್ರಿ ಸಿಗರೇಟು ಬಿಟ್ಟ. ಆಪರೇಷನ್ ಚೆನ್ನಾಗಿಯೇ ಆಯಿತು. ನರದ ಮೇಲೆ ಒತ್ತುತ್ತಿದ್ದ ಮೂಳೆಯನ್ನು ತೆಗೆದು, ಅದನ್ನೇ ಚೂರು ಮಾಡಿ ಎರಡು ಮಣಿಗಳ ನಡುವೆ ತುಂಬಿ, ನಾಲ್ಕು ಸ್ಕ್ರೂ ಎರಡು ರಾಡು ಹಾಕಿ ಬಿಗಿದಿದ್ದರು. ಮರುದಿನವೇ ವ್ಯಾಯಾಮ ಮಾಡಿಸುವ ಫಿಸಿಯೋ ಹುಡುಗಿ ಬಂದು ಎಬ್ಬಿಸಿ ನಿಲ್ಲಿಸಿದಳು. ಕಾಲಿನ ಜೋಮು ಅರ್ಧಕ್ಕರ್ಧ ಇಳಿದಿತ್ತು. ಮೇಸ್ತ್ರಿ ಹಾಸಿಗೆಯ ಅಂಚು ಹಿಡಿದು ನಿಂತು, ಕಾಲ್ಬೆರಳು ಅಲ್ಲಾಡಿಸಿ, "ಡಾಕ್ಟ್ರು ಕೆಲಸಗಾರ ಕಣೇ. ಪ್ಲಂಬ್ ಸರಿಯಾಗಿ ಹಿಡಿದಿದಾನೆ, ಒಂದು ನೂಲೂ ವಾಲಿಲ್ಲ" ಎಂದು ಮೆಚ್ಚಿದ.

ಮನೆಗೆ ಬಂದಮೇಲೆ ಕಾಟ ಶುರುವಾಯಿತು.

ಅತ್ತಿಗೆ ರಜೆ ಹಾಕಿ, ಮುಂದಿನ ಕೋಣೆಗೆ ಮಂಚ ತರಿಸಿ, ಕಾಲಿಗೆ ತೊಡರುವ ಜಮಖಾನೆ ಸುತ್ತಿಟ್ಟು, ಗಂಡನಿಗೆ ಬೇಕಾದ್ದನ್ನೆಲ್ಲ ಸೊಂಟದ ಎತ್ತರಕ್ಕೆ ಜೋಡಿಸಿದ್ದಳು. ಬಗ್ಗಬಾರದು, ತಿರುಚಬಾರದು, ಭಾರ ಎತ್ತಬಾರದು. ಸೊಂಟಕ್ಕೆ ಬಿಗಿಯುವ ಗಟ್ಟಿ ಬೆಲ್ಟು ಹಾಕದೆ ಏಳಬಾರದು. ಏಳುವುದಕ್ಕೂ ಒಂದು ಕ್ರಮ: ಮಂಡಿ ಮಡಚಿ, ಹೆಗಲು ಸೊಂಟ ಎರಡೂ ಒಟ್ಟಿಗೆ ಉರುಳುವಂತೆ ಪಕ್ಕಕ್ಕೆ ಹೊರಳಿ, ಕಾಲು ಕೆಳಕ್ಕೆ ಬಿಡುತ್ತ ಮೊಣಕೈ ಊರಿ ಏಳಬೇಕು. ಪ್ರತಿ ಸಲವೂ ಆಕೆ ಪಕ್ಕದಲ್ಲಿ ನಿಲ್ಲಬೇಕು. ಇದನ್ನು ದಿನಕ್ಕೆ ಕೆಲವು ಸಲ ಮಾಡುವುದಾದರೆ ಯಾರೂ ಬೇಸರಪಡುವುದಿಲ್ಲ. ಮೇಸ್ತ್ರಿ ಗಂಟೆಗೊಮ್ಮೆ ಏಳುತ್ತಿದ್ದ, ಏಕೆಂದರೆ ಅವನು ನೀರು ಕುಡಿಯುತ್ತಿದ್ದ. ಬಾಯಾರಿಕೆಗಲ್ಲ.

"ರೀ, ಈಗ ತಾನೇ ಒಂದು ಜಗ್ಗು ಖಾಲಿ ಮಾಡಿದ್ರಲ್ಲ?"

"ಇನ್ನೊಂದು ತುಂಬು."

"ಇಷ್ಟೊಂದು ನೀರು ಕುಡೀಬೇಕು ಅಂತ ಡಾಕ್ಟ್ರು ಹೇಳಿಲ್ಲ."

"ಹೊಸ ಕಾಂಕ್ರೀಟಿಗೆ ದಿನಾ ನೀರು ಕುಡಿಸ್ತಾನೇ ಇರಬೇಕು. ಕ್ಯೂರಿಂಗ್ ಸರಿಯಾಗ್ಲಿಲ್ಲ ಅಂದ್ರೆ ಬಿರುಕು ಬಿಡುತ್ತೆ. ಅದು ಡಾಕ್ಟ್ರಿಗೆ ಹೇಗೆ ಗೊತ್ತಿರುತ್ತೆ? ನಾನು ಇದೇ ಕೆಲಸದಲ್ಲಿ ತಲೆಗೂದಲು ಉದುರಿಸ್ಕೊಂಡೋನು."

"ನೀರು ಹೊಟ್ಟೆಗೆ ಹೋಗುತ್ತೆ ರೀ, ಬೆನ್ನಿಗಲ್ಲ!"

"ಹೊಟ್ಟೆ ಹಿಂದೆ ಏನಿದೆ? ಬೆನ್ನೇ ತಾನೇ?"

ಅತ್ತಿಗೆ ಜಗ್ಗನ್ನು ಮೇಜಿನ ಮೇಲೆ ಕುಕ್ಕಿದಳು. ಕಚೇರಿಯಲ್ಲೂ ನೀರು, ಮನೆಯಲ್ಲೂ ನೀರು. ಅಲ್ಲಾದರೂ ಬೈಯುವವರಿಗೆ ಒಂದು ದೂರಿನ ಸಂಖ್ಯೆ ಕೊಟ್ಟು ಫೋನು ಇಡಬಹುದಿತ್ತು.

ನೀರು ಕುಡಿದು ಏಳುವುದೊಂದು ಕಡೆ. ಎದ್ದವನು ಬಚ್ಚಲಿಗೆ ಹೋಗಿ ಬಂದು ನೇರ ಮಲಗುತ್ತಿದ್ದ. ನಡೆಯಿರಿ ಎಂದರೆ ಒಪ್ಪುತ್ತಿರಲಿಲ್ಲ. ಫಿಸಿಯೋ ಹುಡುಗಿ ಮನೆಗೇ ಬಂದು ಹೇಳಿದಳು.

"ಸರ್, ನಡೆಯೋದೇ ನಿಮಗೆ ಔಷಧಿ. ಮನೆಯೊಳಗೇ ಸಾಕು. ಸ್ವಲ್ಪ ಸ್ವಲ್ಪ, ಆಗಾಗ."

"ಅಲ್ಲಮ್ಮ, ನೆನ್ನೆ ಮೊನ್ನೆ ಹಾಕಿದ ಸ್ಲ್ಯಾಬ್ ಮೇಲೆ ಯಾರಾದ್ರೂ ಓಡಾಡ್ತಾರೇನು?"

ಹುಡುಗಿ ಅತ್ತಿಗೆಯ ಕಡೆ ನೋಡಿದಳು. ಅತ್ತಿಗೆ ಸೂರು ನೋಡಿದಳು.

"ಇದು ಸ್ಲ್ಯಾಬ್ ಅಲ್ಲ ಸರ್. ಮೂಳೆಗೆ ಜೀವ ಇದೆ. ಈಗ... ಒಂದು ಗಿಡ ನೆಟ್ಟಿದೀವಿ ಅಂತ ಅನ್ಕೊಳ್ಳಿ—"

"ಗಿಡ ಆದ್ರೆ ನೀರು ಬೇಕಲ್ಲ!" ಎಂದು ಮೇಸ್ತ್ರಿ ಗೆದ್ದವನಂತೆ ಹೆಂಡತಿಯ ಕಡೆ ನೋಡಿದ. "ಕೇಳಿಸ್ಕೊಂಡ್ಯಾ? ತುಂಬು ಜಗ್ಗು."

ಹುಡುಗಿ ಹೋಗುವಾಗ ಬಾಗಿಲ ಹತ್ತಿರ ಅತ್ತಿಗೆ ಮೆಲ್ಲಗೆ ಹೇಳಿದಳು, "ಗಿಡ ಗಿಡ ಅನ್ನಬೇಡಮ್ಮ, ನಿನ್ನ ಪುಣ್ಯ. ಒಂದು ಹೋಲಿಕೆಯಿಂದಲೇ ಸಾಕಾಗಿದೆ."

ನಡೆಸುವುದಕ್ಕೆ ಆಕೆ ಹೂಡಿದ ಉಪಾಯವನ್ನೂ ಹೇಳಬೇಕು. ನೀರಿನ ಜಗ್ಗನ್ನು ಮಂಚದ ಪಕ್ಕದಿಂದ ಎತ್ತಿ ಅಡುಗೆಮನೆಯ ಕಟ್ಟೆಯ ಮೇಲೆ, ಅಲ್ಲಿಂದ ಹಿಂದಿನ ಕೋಣೆಯ ಕಿಟಕಿಯ ಹತ್ತಿರಕ್ಕೆ ಸಾಗಿಸುತ್ತ ಹೋದಳು. ಕುಡಿಯಬೇಕೆಂದರೆ ಬೆಲ್ಟು ಹಾಕಿಕೊಂಡು ಅಲ್ಲಿಯ ತನಕ ಹೋಗಬೇಕು. ಮೇಸ್ತ್ರಿ ಗೊಣಗಿಕೊಂಡೇ ಹೋದ. ಹೀಗೆ ಮೂರನೆಯ ವಾರದ ಹೊತ್ತಿಗೆ, ಆಸರೆಗೆ ಹಿಡಿಯುತ್ತಿದ್ದ ವಾಕರ್ ಬಿಟ್ಟು ನಡೆಯತೊಡಗಿದ. ಅದರ ಕೀರ್ತಿಯನ್ನೂ ಕ್ಯೂರಿಂಗಿಗೇ ಕೊಟ್ಟ.

ತಮ್ಮ ಎರಡು ಮೂರು ದಿನಕ್ಕೊಮ್ಮೆ ಬರುತ್ತಿದ್ದ. ಬಂದವನು ಅಣ್ಣನ ಬೆಲ್ಟಿನ ಮೇಲೆ ಬೆರಳ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ಕಿವಿಗೊಟ್ಟು ಆಲಿಸುತ್ತಿದ್ದ.

"ಹೆಂಗಿದೆಯೋ ಸದ್ದು?"

"ಇನ್ನೂ ಹಸಿ ಅಣ್ಣ."

ಇಬ್ಬರೂ ನಗುತ್ತಿದ್ದರು. ಅತ್ತಿಗೆಗೆ ನಗು ಬರುತ್ತಿರಲಿಲ್ಲ. ತಮಾಷೆ ಎಲ್ಲಿ ಮುಗಿದು ನಂಬಿಕೆ ಎಲ್ಲಿ ಶುರುವಾಗುತ್ತದೆ ಎಂಬುದು ಈ ಅಣ್ಣತಮ್ಮಂದಿರ ವಿಷಯದಲ್ಲಿ ಆಕೆಗೆ ಎಂದೂ ತಿಳಿದದ್ದಿಲ್ಲ.

ಆಪರೇಷನ್ ಆದ ವಾರವೇ ತಮ್ಮ ಒಂದು ಕಟ್ಟಡದ ಎರಡನೇ ಮಹಡಿಗೆ ಸ್ಲ್ಯಾಬ್ ಹಾಕಿಸಿದ್ದ. ಅಣ್ಣನಿಲ್ಲದೆ ಅವನು ಹಾಕಿಸಿದ ಮೊದಲ ಸ್ಲ್ಯಾಬ್ ಅದು. ದೊಡ್ಡ ಅಗಲದ್ದು, ನಡುವೆ ಕಂಬವಿಲ್ಲದ್ದು. ಹಾಗಾಗಿ ಸ್ಲ್ಯಾಬಿಗೂ ಮೇಸ್ತ್ರಿಯ ಬೆನ್ನಿಗೂ ಒಂದೇ ವಯಸ್ಸು. ಇಂಥ ಸ್ಲ್ಯಾಬಿಗೆ ನಾಲ್ಕು ವಾರ ಕೊಟ್ಟು, ಆಮೇಲೆ ಕೆಳಗಿನ ಕಬ್ಬಿಣದ ಕಂಬಗಳನ್ನು ಬಿಚ್ಚುವುದು ವಾಡಿಕೆ. ಮೇಸ್ತ್ರಿಯ ಕೆಲಸಗಾರರ ಗುಂಪಿನಲ್ಲಿ ಅದರ ಜೊತೆಗೆ ಇನ್ನೊಂದು ಪದ್ಧತಿ ಇತ್ತು. ಕೊನೆಯ ಸಾಲಿನ ಕಂಬ ಬಿಚ್ಚುವಾಗ ಮೇಸ್ತ್ರಿ ಸ್ಲ್ಯಾಬಿನ ನಟ್ಟನಡುವೆ, ಅದರ ಕೆಳಗೆ ನಿಲ್ಲಬೇಕು. ಅವನ ತಲೆಯ ಮೇಲೆ ಅದು ನಿಂತರೆ ಎಲ್ಲರ ತಲೆಯ ಮೇಲೂ ನಿಂತಂತೆ. ಮೇಸ್ತ್ರಿ ನಿಲ್ಲದೆ ಯಾರೂ ಕೊನೆಯ ಸಾಲಿಗೆ ಕೈ ಹಾಕುತ್ತಿರಲಿಲ್ಲ.

"ಅಣ್ಣ, ಕಂಬ ಬಿಚ್ಚಬೇಕು. ನೀನು ಬರ್ಲಿಲ್ಲ ಅಂದ್ರೆ ಯಾರೂ ಮುಟ್ಟಲ್ವಂತೆ" ಎಂದು ತಮ್ಮ ಒಂದು ಸಂಜೆ ರಾಗ ತೆಗೆದ.

ಅತ್ತಿಗೆ ಅಡುಗೆಮನೆಯಿಂದಲೇ ಕೂಗಿದಳು. "ಯಾರೂ ಎಲ್ಲಿಗೂ ಹೋಗೋದಿಲ್ಲ!"

"ಸುಮ್ನೆ ನಿಂತ್ಕೊಳ್ಳೋದು ಅತ್ತಿಗೆ. ಏನೂ ಕೆಲಸ ಮಾಡೋ ಹಾಗಿಲ್ಲ."

"ನೀನೇ ನಿಂತ್ಕೋ."

"ನಾನು ನಿಂತ್ರೆ ಹುಡುಗ್ರು ನಂಬಲ್ಲ ಅತ್ತಿಗೆ."

"ನಿಮ್ಮಣ್ಣನ ಬೆನ್ನಲ್ಲಿರೋ ಮೂಳೆಗೆ ನಿಮ್ಮ ಹುಡುಗ್ರು ನಂಬೋದು ಬಿಡೋದು ಏನೂ ಗೊತ್ತಾಗಲ್ಲ. ಕಾಫಿ ಕುಡಿ, ಹೊರಡು."

ತಮ್ಮ ಕಾಫಿ ಕುಡಿದು ಹೊರಟ. ಮೇಸ್ತ್ರಿ ಏನೂ ಮಾತಾಡಲಿಲ್ಲ. ಅವನು ಮಾತಾಡದಿದ್ದಾಗ ಹೆಚ್ಚು ಜಾಗ್ರತೆಯಿಂದ ಇರಬೇಕಿತ್ತು ಎಂದು ಅತ್ತಿಗೆಗೆ ಆಮೇಲೆ ಅನ್ನಿಸಿತು. ಆದರೆ ಆಕೆಯ ರಜೆ ಮುಗಿದಿತ್ತು. ಐದನೆಯ ವಾರ ಶುರುವಾದ ದಿನ ಆಕೆ ಕೆಲಸಕ್ಕೆ ಹೋದಳು. ಊಟ ಮೇಜಿನ ಮೇಲೆ, ಮಾತ್ರೆ ಅದರ ಪಕ್ಕ, ನೀರು ಹಿಂದಿನ ಕೋಣೆಯಲ್ಲಿ.

ದೂರು ವಿಭಾಗದ ಹಾಲಿನಲ್ಲಿ ಸ್ವಂತ ಫೋನನ್ನು ಬಾಗಿಲಲ್ಲೇ ಬಿಟ್ಟು ಒಳಗೆ ಹೋಗಬೇಕು. ಮಧ್ಯಾಹ್ನದ ಹೊತ್ತಿಗೆ ಪಕ್ಕದ ಸೀಟಿನವಳು ಯಾರೊಂದಿಗೋ ನಿಟ್ಟುಸಿರು ಬಿಡುತ್ತ ಮಾತಾಡುತ್ತಿದ್ದುದು ಅತ್ತಿಗೆಯ ಕಿವಿಗೆ ಬಿತ್ತು.

"ಸರ್, ಕೂಗಾಡಬೇಡಿ. ಮೊದಲು ಗ್ರಾಹಕ ಸಂಖ್ಯೆ ಹೇಳಿ... ನೀರಿನ ವಿಷಯ ಅಲ್ವಾ? ಹಾಗಾದ್ರೆ ಇಲ್ಲಿಗೆ ಯಾಕೆ ಫೋನ್ ಮಾಡಿದ್ರಿ? ... ಅಣ್ಣನ ವಿಷಯಾನಾ? ಸರಿ, ಅಣ್ಣನ ಗ್ರಾಹಕ ಸಂಖ್ಯೆ ಹೇಳಿ."

ಅತ್ತಿಗೆ ಎದ್ದು ಹೋಗಿ ಪಕ್ಕದವಳ ಕಿವಿಯಿಂದ ಫೋನು ಕಿತ್ತುಕೊಂಡಳು.

"ಎಲ್ಲಿದಾರೆ?"

"ಅತ್ತಿಗೆ, ಎಷ್ಟೊತ್ತಿಂದ ಇದೇ ನಂಬರಿಗೆ... ಸರದಿಯಲ್ಲಿದ್ದೀರಿ, ಸರದಿಯಲ್ಲಿದ್ದೀರಿ ಅಂತ ಅದ್ಯಾವಳೋ ಹೇಳ್ತಾನೇ ಇದಾಳೆ—"

"ಎಲ್ಲಿದಾರೆ ಅಂದೆ!"

"ಆಂಬುಲೆನ್ಸಲ್ಲಿ" ಎಂದ ತಮ್ಮ. ಆಮೇಲೆ ಅಳತೊಡಗಿದ.

ನಡೆದದ್ದು ಇಷ್ಟು. ಅತ್ತಿಗೆ ಬಸ್ಸು ಹತ್ತುವುದನ್ನು ಕಿಟಕಿಯಿಂದ ನೋಡಿದ ಮೇಸ್ತ್ರಿ ತಮ್ಮನಿಗೆ ಫೋನು ಮಾಡಿದ. ತಮ್ಮ ವ್ಯಾನು ತಂದ. ಸ್ಲ್ಯಾಬಿನ ಕೆಳಗೆ ಇನ್ನೂ ಉಳಿದಿದ್ದ ಅಡ್ಡಪಟ್ಟಿಗಳ ನಡುವೆ ನುಸುಳಬೇಕಿತ್ತು, ಬೆಲ್ಟು ಅಡ್ಡ ಬರುತ್ತಿತ್ತು. ಅದನ್ನು ಬಿಚ್ಚಿ ವ್ಯಾನಿನ ಸೀಟಿನ ಮೇಲಿಟ್ಟ. "ನಾಲ್ಕು ವಾರ ಆಯ್ತಲ್ಲೋ. ಅದಕ್ಕೂ ಆಯ್ತು, ನನಗೂ ಆಯ್ತು" ಎಂದನಂತೆ. ತಮ್ಮ ಬೆನ್ನಿಗೆ ಬಡಿದು, "ಗಟ್ಟಿ" ಎಂದನಂತೆ. ಮೇಸ್ತ್ರಿ ಬಗ್ಗಿ ನುಸುಳಿ ನಡುವೆ ಹೋಗಿ ನಿಂತ. ಕೊನೆಯ ಸಾಲಿನಲ್ಲಿ ಒಂದು ಕಬ್ಬಿಣದ ಕಂಬ ಬಿಚ್ಚುವವನ ಕೈತಪ್ಪಿ ವಾಲಿತು. ವಾಲಿದ ಕಡೆ ಇನ್ನೊಬ್ಬ ಕೂತು ಮೊಳೆ ಕೀಳುತ್ತಿದ್ದ. ಮೇಸ್ತ್ರಿ ಒಂದು ಹೆಜ್ಜೆ ಪಕ್ಕಕ್ಕೆ ಹಾಕಿ, ಸೊಂಟ ತಿರುಚಿ, ಎರಡೂ ಕೈಯಲ್ಲಿ ಕಂಬ ಹಿಡಿದ. ಬಗ್ಗಿದ್ದೂ ಆಯಿತು, ತಿರುಚಿದ್ದೂ ಆಯಿತು, ಭಾರ ಎತ್ತಿದ್ದೂ ಆಯಿತು. ಕೂತವನಿಗೆ ಏನೂ ಆಗಲಿಲ್ಲ. ಸ್ಲ್ಯಾಬಿಗೂ ಏನೂ ಆಗಲಿಲ್ಲ. ಮೇಸ್ತ್ರಿ ಮಾತ್ರ ಹಿಡಿದ ಕಂಬವನ್ನು ಬಿಡಲಾರದೆ ನಿಂತಿದ್ದ. ನಾಲ್ಕು ಜನ ಸೇರಿ ಬಿಡಿಸಿ ನೆಲದ ಮೇಲೆ ಮಲಗಿಸಿದರು.

ಅತ್ತಿಗೆ ಆಸ್ಪತ್ರೆಗೆ ಬಂದಾಗ ಅವನನ್ನು ಎಕ್ಸ್‌ರೇಗೆ ಒಯ್ದಿದ್ದರು. ತಮ್ಮ ಬೆಂಚಿನ ಮೇಲೆ ಅಣ್ಣನ ಬೆಲ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಆಕೆ ಅವನಿಗೆ ಒಂದು ಮಾತೂ ಅನ್ನಲಿಲ್ಲ. ಅನ್ನಲು ಶುರುಮಾಡಿದರೆ ನಿಲ್ಲಿಸಲಾಗುವುದಿಲ್ಲ ಎಂದು ಆಕೆಗೆ ಗೊತ್ತಿತ್ತು.

ಡಾಕ್ಟರು ಮೊದಲು ಎಡಗಾಲಿನ ಶಕ್ತಿ ನೋಡಿದರು. ಹೆಬ್ಬೆರಳನ್ನು ಮೇಲೆತ್ತಿಸಿ ತಾವು ಕೆಳಕ್ಕೆ ಒತ್ತಿದರು. ನರಕ್ಕೆ ಪೆಟ್ಟಾಗಿರಲಿಲ್ಲ. ಆಮೇಲೆ ಹೊಸ ಚಿತ್ರವನ್ನೂ ಹಳೆಯದನ್ನೂ ಅಕ್ಕಪಕ್ಕ ಸಿಕ್ಕಿಸಿದರು. ಕೆಳಗಿನ ಎಡಗಡೆಯ ಸ್ಕ್ರೂ ಕೂದಲೆಳೆಯಷ್ಟು ಹಿಂದಕ್ಕೆ ಬಂದಿತ್ತು.

"ನೋಡಿ ಮೇಸ್ತ್ರಿ," ಎಂದು ಅವರು ಶುರುಮಾಡಿದರು, "ಸೆಂಟ್ರಿಂಗ್ ಅಲುಗಾಡಿದ್ರೆ ಮೇಲಿರೋ ಕಾಂಕ್ರೀಟು—"

"ಡಾಕ್ಟ್ರೇ."

ಅತ್ತಿಗೆಯ ದನಿ ಜೋರಾಗಿರಲಿಲ್ಲ. ಪೈಪು ಒಡೆದವರ ಜೊತೆ ಮಾತಾಡುವ, ದಿನವೂ ಬಳಸುವ ದನಿ ಅದು.

"ಸೆಂಟ್ರಿಂಗ್ ಬೇಡ. ಕಾಂಕ್ರೀಟೂ ಬೇಡ. ಮೂಳೇನ ಮೂಳೆ ಅಂತಲೇ ಹೇಳಿ. ನೀವು ಅವತ್ತು ಹೇಳಿದ್ದನ್ನ ಹಿಡ್ಕೊಂಡು ಇವರು ಬಕೆಟ್‌ಗಟ್ಟಲೆ ನೀರು ಕುಡಿದ್ರು. ಅದನ್ನೇ ಹಿಡ್ಕೊಂಡು ನಡೆಯಲ್ಲ ಅಂದ್ರು. ಈಗ ಅದನ್ನೇ ಹಿಡ್ಕೊಂಡು ನಾಲ್ಕು ವಾರಕ್ಕೆ ಬೆಲ್ಟು ಬಿಚ್ಚಿ ಹೋಗಿದಾರೆ. ನಿಮ್ಮ ತಪ್ಪು ಅಂತ ನಾನು ಹೇಳ್ತಿಲ್ಲ. ಇವರ ಬುದ್ಧಿ ನಂಗೊತ್ತು. ಆದ್ರೆ ದಯವಿಟ್ಟು, ಇದ್ದದ್ದು ಇದ್ದ ಹಾಗೆ ಹೇಳಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹೋಲಿಕೆ ಇಲ್ಲದೆ ಹೇಳುವುದು ಅವರಿಗೂ ಅಭ್ಯಾಸ ತಪ್ಪಿದಂತಿತ್ತು.

"ಸರಿ. ಈಗ ನಿಮ್ಮ ಮೈಭಾರ ಎಲ್ಲ ಈ ಲೋಹದ ಮೇಲಿದೆ. ಲೋಹ ಶಾಶ್ವತವಾಗಿ ಹೊರೋದಕ್ಕಲ್ಲ, ಮೂಳೆ ಬರೋ ತನಕ ಅಲುಗಾಡದ ಹಾಗೆ ಹಿಡಿಯೋದಕ್ಕೆ. ನಾವು ತುಂಬಿರೋದು ಚೂರುಗಳು. ಮೇಲಿನ ಮಣಿಯಿಂದ, ಕೆಳಗಿನ ಮಣಿಯಿಂದ ಹೊಸ ಮೂಳೆ ಆ ಚೂರುಗಳ ಮೂಲಕ ಬೆಳೆದು ಮಧ್ಯದಲ್ಲಿ ಸೇರಬೇಕು. ಅದು ತಾನಾಗಿ ಒಣಗಿ ಗಟ್ಟಿಯಾಗೋ ವಸ್ತು ಅಲ್ಲ. ನಿಮ್ಮ ದೇಹ ಬೆಳೆಸಬೇಕು. ರಕ್ತ ಬೇಕು, ಅದಕ್ಕೇ ನಡೆಯೋದು. ಅದಕ್ಕೇ ಸಿಗರೇಟು ಬೇಡ ಅಂದಿದ್ದು."

"ನೀರು?" ಎಂದ ಮೇಸ್ತ್ರಿ, ಮಲಗಿದಲ್ಲಿಂದಲೇ.

"ಬಾಯಾರಿದಷ್ಟು. ಅತಿಯಾದ್ರೆ ರಕ್ತದಲ್ಲಿ ಉಪ್ಪಿನಂಶ ಇಳಿಯುತ್ತೆ, ಅದು ಇನ್ನೊಂದು ತೊಂದರೆ."

ಅತ್ತಿಗೆ ಗಂಡನ ಕಡೆ ನೋಡಲಿಲ್ಲ. ನೋಡದೇ ಇದ್ದದ್ದು ಅವನಿಗೆ ತಿಳಿಯಿತು.

"ಬಗ್ಗಿದಾಗ, ತಿರುಚಿದಾಗ, ಭಾರ ಎತ್ತಿದಾಗ ಆ ಸಂದು ಅಲುಗಾಡುತ್ತೆ. ಪದೇ ಪದೇ ಅಲುಗಾಡಿದ್ರೆ ಅಲ್ಲಿ ಮೂಳೆ ಬರಲ್ಲ, ಮೆತ್ತಗಿನ ನಾರು ಬರುತ್ತೆ. ಹಾಗಾದ್ರೆ ಲೋಹ ದಣಿಯುತ್ತೆ. ಸ್ಕ್ರೂ ಸಡಿಲ ಆಗಬಹುದು, ರಾಡು ಮುರೀಬಹುದು. ಆಗ ಮತ್ತೆ ತೆರೀಬೇಕು. ಇವತ್ತಿನ ಸ್ಕ್ರೂ ಇಷ್ಟಕ್ಕೇ ನಿಂತ್ರೆ ಪರವಾಗಿಲ್ಲ. ನಿಲ್ಲುತ್ತೋ ಇಲ್ವೋ ಇವತ್ತು ಹೇಳಕ್ಕಾಗಲ್ಲ."

"ಯಾವಾಗ ಕೂಡುತ್ತೆ? ಒಂದು ದಿನ ಹೇಳಿ ಡಾಕ್ಟ್ರೇ."

"ಕೆಲವರಿಗೆ ಮೂರು ನಾಲ್ಕು ತಿಂಗಳಲ್ಲಿ ಕಾಣುತ್ತೆ. ಕೆಲವರಿಗೆ ವರ್ಷ. ಕೆಲವರಿಗೆ ಕೂಡೋದೇ ಇಲ್ಲ. ನಿಮಗೆ ಯಾವಾಗ ಅಂತ ನಂಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ?" ಮೇಸ್ತ್ರಿಗೆ ನಿಜವಾಗಿ ಸಿಟ್ಟು ಬಂತು. "ನಾನು ಮನೆ ಕಟ್ಟಿಸೋರಿಗೆ ಹೀಗಂದ್ರೆ ಕಾಂಪೌಂಡ್ ಗೋಡೆ ಕೆಲಸಾನೂ ಕೊಡಲ್ಲ!"

"ನೀವು ಮನೆ ಕಟ್ತೀರಿ. ನಾನು ಮೂಳೆ ಕಟ್ಟಲ್ಲ. ಜೋಡಿಸಿ ಕಾಯ್ತೀನಿ, ಅಷ್ಟೇ."

ಮೇಸ್ತ್ರಿ ಚಿತ್ರ ತೋರಿಸಲು ಕೇಳಿದ. ಹೊಸ ಮೂಳೆ ಎಲ್ಲಿದೆ ಎಂದು ಕೇಳಿದ. ಡಾಕ್ಟರು ಪೆನ್ನಿನ ತುದಿಯಿಂದ ಎರಡು ಮಣಿಗಳ ನಡುವಿನ ಮಸುಕು ಜಾಗವನ್ನು ತೋರಿಸಿದರು. ಸ್ಕ್ರೂಗಳು ಬೆಳ್ಳಗೆ ಹೊಳೆಯುತ್ತಿದ್ದವು, ರಾಡುಗಳೂ ಹೊಳೆಯುತ್ತಿದ್ದವು. ನಡುವೆ ಚೂರುಗಳ ಮಬ್ಬು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

"ಇಲ್ಲಿ ಏನೂ ಇಲ್ವಲ್ಲ."

"ಇನ್ನೂ ಇಲ್ಲ."

ಅವನು ಬಹಳ ಹೊತ್ತು ನೋಡಿದ. ಅತ್ತಿಗೆಗೆ ಭಯವಾಯಿತು. ಹೊಸದೊಂದು ಲೆಕ್ಕ ಅವನ ತಲೆಯಲ್ಲಿ ಹುಟ್ಟುತ್ತಿರಬಹುದು ಎಂದುಕೊಂಡಳು. ಆದರೆ ಅವನು ಕೇಳಿದ್ದು, "ಬೆಲ್ಟು ಎಲ್ಲಿ?" ಎಂದು.

ಆಮೇಲಿನ ತಿಂಗಳುಗಳಲ್ಲಿ ಅವನು ಸುಧಾರಿಸಿದ ಎಂದರೆ ಪೂರ್ತಿ ನಿಜವಾಗುವುದಿಲ್ಲ. ಹೇಳಿದ್ದನ್ನು ಕೇಳತೊಡಗಿದ, ಅದೇ ಇನ್ನೊಂದು ಕಾಟವಾಯಿತು. ಬಗ್ಗಬಾರದೆಂದು ಎಲ್ಲದಕ್ಕೂ ಕರೆಯುತ್ತಿದ್ದ. ಚಪ್ಪಲಿ ಜಾರಿದರೆ ಕರೆಯುವನು, ಪತ್ರಿಕೆಯ ಹಾಳೆ ಬಿದ್ದರೆ ಕರೆಯುವನು. ಕೆಮ್ಮು ಬಂದರೆ ಕೆಮ್ಮಬಹುದೇ ಎಂದು ಕೇಳುವನು. ಬೆಳಿಗ್ಗೆ ಸಂಜೆ ಬೆಲ್ಟು ಬಿಗಿದುಕೊಂಡು ಬೀದಿಯುದ್ದಕ್ಕೂ ನಡೆಯುತ್ತಿದ್ದ. ದಾರಿಯಲ್ಲಿ ಯಾರದಾದರೂ ಗೋಡೆ ಏಳುತ್ತಿದ್ದರೆ ನಿಂತು, ಗಾರೆಯವನಿಗೆ ದೂರದಿಂದಲೇ ಉಪದೇಶ ಮಾಡಿ ಬೈಸಿಕೊಂಡು ಬರುತ್ತಿದ್ದ. ಎಡಗಾಲು ಹಗುರಾಗಿತ್ತು. ಬೆನ್ನಿನ ನೋವು ಪೂರ್ತಿ ಹೋಗಿರಲಿಲ್ಲ. ಪೂರ್ತಿ ಹೋಗುತ್ತದೆ ಎಂದು ಯಾರೂ ಮಾತು ಕೊಟ್ಟೂ ಇರಲಿಲ್ಲ.

ತಮ್ಮನ ಮುಂದಿನ ಸ್ಲ್ಯಾಬ್ ಬಿಚ್ಚುವ ದಿನ ಬಂದಾಗ ಫೋನು ಬಂತು. ಅತ್ತಿಗೆ ಮನೆಯಲ್ಲೇ ಇದ್ದಳು. ಕೈಯಲ್ಲಿದ್ದ ಪಾತ್ರೆಯನ್ನು ತಿಕ್ಕುವುದು ಬಿಟ್ಟು ಕೇಳಿಸಿಕೊಂಡಳು.

"ಇಲ್ಲ ಕಣೋ, ಬರಲ್ಲ" ಎಂದ ಮೇಸ್ತ್ರಿ. "ಯಾವಾಗ ಬರ್ತೀನಿ ಅಂತ ಗೊತ್ತಿಲ್ಲ... ಹಾಕಿಸಿದೋನು ನಿಲ್ಲಬೇಕಪ್ಪ. ಹಾಕಿಸಿದ್ದು ನೀನು... ಏನು? ಭಯಾನಾ?"

ಆಮೇಲೆ ಅವನ ದನಿ ಏರಿತು.

"ನೀನು ಹಾಕಿಸಿದ ಸ್ಲ್ಯಾಬ್ ಕೆಳಗೆ ನಿಲ್ಲೋಕೆ ನಿಂಗೆ ಭಯ. ಅವತ್ತು ಅದೇ ಥರದ್ದರ ಕೆಳಗೆ ನನ್ನ ನಿಲ್ಲಿಸಿದ್ಯಲ್ಲೋ, ಆಗ ಎಲ್ಲಿ ಹೋಗಿತ್ತು ಭಯ? ಅಯ್ಯೋ ಹುಚ್ಚಪ್ಪಾ, ಸಿಮೆಂಟು ಎಷ್ಟು ಹಾಕಿದೆ, ಕಂಬಿ ಎಷ್ಟು ಕಟ್ಟಿದೆ ಅಂತ ನಿಂಗೊತ್ತಲ್ವಾ? ಅದನ್ನ ನಂಬು. ನನ್ನ ತಲೆ ನಂಬ್ಕೊಂಡು ಸ್ಲ್ಯಾಬ್ ಹಾಕ್ತಾರೇನೋ?"

ಅತ್ತಿಗೆ ಪಾತ್ರೆ ತಿಕ್ಕುವುದನ್ನು ಮುಂದುವರಿಸಿದಳು. ಬೇರೆಯವರಿಗೆ ಬುದ್ಧಿ ಹೇಳಿ ಹೇಳಿ ಸೋಲುವ ಸುಖ ಗಂಡನಿಗೂ ಒಂದಿಷ್ಟು ಸಿಕ್ಕಲಿ ಎಂದು ನಡುವೆ ಬಾಯಿ ಹಾಕಲಿಲ್ಲ.

ಎಂಟನೆಯ ತಿಂಗಳಲ್ಲಿ ಸಿ.ಟಿ. ಸ್ಕ್ಯಾನ್ ಆಯಿತು. ಅದಕ್ಕೆ ಮುಂಚಿನ ಎರಡು ಎಕ್ಸ್‌ರೇಗಳಲ್ಲಿ ಸ್ಕ್ರೂ ಇದ್ದಲ್ಲೇ ಇತ್ತು, ಆದರೆ ಮೂಳೆಯ ವಿಷಯದಲ್ಲಿ ಡಾಕ್ಟರು "ನೋಡೋಣ" ಎಂದಷ್ಟೇ ಹೇಳಿದ್ದರು. ಆ "ನೋಡೋಣ" ಅತ್ತಿಗೆಯ ನಿದ್ದೆ ಕೆಡಿಸಿತ್ತು. ಗಂಡ ಹೆಂಡತಿ ಹೊರಗಿನ ಬೆಂಚಿನ ಮೇಲೆ ಕಾಯುತ್ತ ಕೂತರು. ಎದುರು ಗೋಡೆಯಲ್ಲಿ ಒಂದು ಕಡೆ ಗಾರೆ ಉಬ್ಬಿತ್ತು. ಮೇಸ್ತ್ರಿ ಅದನ್ನು ನೋಡಿಯೂ ಏನೂ ಅನ್ನಲಿಲ್ಲ. ಅವನಿಗೂ ಭಯವಾಗಿದೆ ಎಂದು ಆಕೆಗೆ ಆಗ ತಿಳಿಯಿತು.

ಡಾಕ್ಟರು ಕಂಪ್ಯೂಟರಿನಲ್ಲಿ ಚಿತ್ರಗಳನ್ನು ಒಂದೊಂದಾಗಿ ಸರಿಸಿದರು. ಒಂದು ಕಡೆ ನಿಲ್ಲಿಸಿದರು. ಮೇಲಿನ ಮಣಿಯಿಂದ ಕೆಳಗಿನ ಮಣಿಗೆ, ಬಲಗಡೆ, ಬಿಳಿಯ ಪಟ್ಟಿಯೊಂದು ಎಲ್ಲೂ ತುಂಡಾಗದೆ ಇಳಿದಿತ್ತು. ಎಡಗಡೆಯದು ತೆಳುವಾಗಿತ್ತು, ಆದರೆ ಅದೂ ಮುಟ್ಟಿತ್ತು.

"ಕೂಡಿದೆ" ಎಂದರು ಡಾಕ್ಟರು. ಮತ್ತೇನೋ ಸೇರಿಸಲು ಬಾಯಿ ತೆರೆದು, ಅತ್ತಿಗೆಯ ಮುಖ ನೋಡಿ, "ಮೂಳೆ ಕೂಡಿದೆ. ಮತ್ತೆ ತೆರೆಯೋ ಅಗತ್ಯ ಇಲ್ಲ" ಎಂದಷ್ಟೇ ಹೇಳಿದರು.

ಕೆಲಸದ ಜಾಗಕ್ಕೆ ಹೋಗಬಹುದು, ಹೇಳಿ ಮಾಡಿಸಬಹುದು. ಸಿಮೆಂಟು ಮೂಟೆ ಹೊರುವುದು, ಕಂಬ ಎತ್ತುವುದು ಇನ್ನು ಬೇಡ. ಕೂಡಿದ ಮಣಿಗಳ ಮೇಲಿನ, ಕೆಳಗಿನ ಮಣಿಗಳಿಗೆ ಇನ್ನು ಕೆಲಸ ಹೆಚ್ಚು, ಅವನ್ನು ಕಾಪಾಡಿಕೊಳ್ಳಬೇಕು. ಬೆಲ್ಟು ಬೇಡ. ಮೇಸ್ತ್ರಿ ಎಲ್ಲದಕ್ಕೂ ತಲೆಯಾಡಿಸಿದ. ಅತ್ತಿಗೆ ಕೈಮುಗಿದು ಹೊರಗೆ ಬಂದಳು.

ಬಸ್ ನಿಲ್ದಾಣದ ತನಕ ಆಕೆ ಗಂಡನಿಗಿಂತ ಮುಂದೆ ನಡೆದಳು. ಅವನು ಹಿಂದಿನಿಂದ, "ನಿಧಾನ ಹೋಗೇ, ಬೆನ್ನು ಆಪರೇಷನ್ ಆಗಿರೋದು ನಂಗೆ" ಎಂದ. ಆಕೆ ತಿರುಗಲಿಲ್ಲ. ನಿಲ್ದಾಣದ ಬೆಂ‍ಚಿನ ಹತ್ತಿರ ನಿಂತಳು. ಮುಖ ಕೆಂಪಗಾಗಿತ್ತು.

"ಯಾಕೆ ಮುಖ ಹೀಗಿಟ್ಕೊಂಡಿದೀಯ? ಕೂಡಿದೆ ಅಂದ್ರಲ್ಲ."

"ಅದಕ್ಕೇ."

"ಅದಕ್ಕೇ ಅಂದ್ರೆ?"

"ಈಗ ಬೈಬಹುದು. ಮೂಳೆ ಕೂಡೋ ತನಕ ಬೈಬಾರದು ಅಂತ ತಡ್ಕೊಂಡಿದ್ದೆ."

"ತಡ್ಕೊಂಡಿದ್ಯಾ!" ಮೇಸ್ತ್ರಿ ಸುತ್ತಲಿದ್ದವರ ಮುಖವನ್ನು ಸಾಕ್ಷಿಗೆ ಕರೆದವನಂತೆ ನೋಡಿದ. "ಹಾಗಾದ್ರೆ ಎಂಟು ತಿಂಗಳಿಂದ ನಾನು ಮನೇಲಿ ಕೇಳಿದ್ದು ಏನೇ ಅದು?"

"ಅದು ಬೈಗುಳ ಅಲ್ಲ. ಅದು ಹೇಳಿಕೊಡೋದು. ಬೈಗುಳ ಈಗ ಶುರು. ಕೂತ್ಕೊಳ್ಳಿ."

"ನಿಂತೇ ಕೇಳ್ತೀನಿ. ಕೂತ್ರೆ ಬೆನ್ನು ಹಿಡಿಯುತ್ತೆ."

"ಸರಿ, ನಿಂತೇ ಕೇಳಿ. ಅವತ್ತು ನಾನು ಬಸ್ ಹತ್ತಿದ್ದನ್ನ ಕಿಟಕಿಯಿಂದ ನೋಡಿದ್ರಿ ಅಲ್ವಾ? ನಾನು ತಿರುಗಿ ನೋಡಿದಾಗ ಕೈ ಬೇರೆ ಬೀಸಿದ್ರಿ. ಕೈ ಬೀಸಿ, ಅದೇ ಕೈಯಲ್ಲಿ ತಮ್ಮನಿಗೆ ಫೋನ್ ಮಾಡಿದ್ರಲ್ಲ, ನಿಮಗೆ ಸ್ವಲ್ಪನಾದ್ರೂ..."

ಬಸ್ಸು ಬಂದು ನಿಂತಿತು. ಬಾಗಿಲು ತೆರೆಯಿತು. ಹತ್ತುವವರು ಹತ್ತಿದರು, ಡ್ರೈವರು ಇವರಿಬ್ಬರ ಕಡೆ ಒಮ್ಮೆ ನೋಡಿದ. ಅತ್ತಿಗೆಯ ಮಾತು ಇನ್ನೂ ಆ ಬೆಳಿಗ್ಗೆಯ ಕಿಟಕಿಯ ಹತ್ತಿರವೇ ಇತ್ತು. ಮೇಸ್ತ್ರಿ ಡ್ರೈವರಿಗೆ ಹೊರಡು ಎಂದು ಸನ್ನೆ ಮಾಡಿ, ಹೆಂಡತಿಯ ಎದುರಿಗೆ ನೆಟ್ಟಗೆ ನಿಂತುಕೊಂಡ.